ಪುಟ್ಟ ಹಜಾರದಲ್ಲಿ ಎಲ್ಲರಿಗೂ ಒಂದು ಜಾಗ

ನಿಮ್ಮ ಮನೆಯ ಹಜಾರ ಎಷ್ಟು ದೊಡ್ಡದು? ಹಾಲ್ ಅನ್ನಿ, ಪಡಸಾಲೆ ಅನ್ನಿ, ನಡುಮನೆ ಅನ್ನಿ. ಟೇಪು ಹಿಡಿದು ಒಮ್ಮೆಯಾದರೂ ಅಳೆದಿದ್ದೀರಾ? "ಅಯ್ಯೋ, ಅಳೆಯೋಕೆ ಏನಿದೆ, ನಾಲ್ಕು ಹೆಜ್ಜೆ ಇಟ್ಟರೆ ಮುಗಿದುಹೋಗುತ್ತೆ" ಅನ್ನುವವರೇ ನಮ್ಮಲ್ಲಿ ಹೆಚ್ಚು. ಹಾಗನ್ನುತ್ತಲೇ ಅಂಗಡಿಗೆ ಹೋಗಿ, ಅಲ್ಲಿನ ವಿಶಾಲವಾದ ಜಾಗದಲ್ಲಿ ಚೆಂದ ಕಂಡ ಸೋಫಾ ಸೆಟ್ಟಿಗೆ ಮುಂಗಡ ಕೊಟ್ಟು ಬರುತ್ತೇವೆ. ಅದು ಮನೆಗೆ ಬಂದ ಮೇಲೆ ತಾನೇ ಫಜೀತಿ ಶುರುವಾಗುವುದು!

ನಗಬೇಡಿ, ನಾನೂ ಹಾಗೆ ಮಾಡಿದವಳೇ. 1988ರ ಮಾತು. ಬೆಂಗಳೂರಿನಲ್ಲಿ ಬಾಡಿಗೆ ಮನೆ. ಹಜಾರ 10 ಅಡಿಗೆ 12 ಅಡಿ, ಕೆಂಪು ಗಾರೆ ನೆಲ. ಯಜಮಾನರಿಗೆ ಬೋನಸ್ ಬಂತು. ಅಕ್ಕಪಕ್ಕದವರ ಮನೆಯಲ್ಲೆಲ್ಲ ಸೋಫಾ ಇದೆ, ನಮ್ಮಲ್ಲಿ ಮಾತ್ರ ನಾಲ್ಕು ಮಡಿಸುವ ಕುರ್ಚಿ ಮತ್ತೊಂದು ಚಾಪೆ ಅಂತ ನನಗೆ ಒಳಗೊಳಗೇ ಕೊರಗು. ಹಠ ಹಿಡಿದು ಮೂರು ಜನ ಕೂರುವ ಒಂದು ಸೋಫಾ, ಅದರ ಜೋಡಿ ಎರಡು ದಪ್ಪ ಕುರ್ಚಿ, ನಡುವೆ ಇಡಲು ಒಂದು ಟೀಪಾಯಿ ತರಿಸಿದೆ. ಗಾಡಿಯಿಂದ ಇಳಿಸಿದ ಮೇಲೆ ಅದು ಬಾಗಿಲಲ್ಲೇ ತೂರಲೊಲ್ಲದು. ಬಡಗಿಯನ್ನು ಕರೆಸಿ ಬಾಗಿಲ ಕದ ಬಿಚ್ಚಿಸಿ ಒಳಗೆ ತಂದದ್ದಾಯಿತು. ಬೀದಿಯವರೆಲ್ಲ ನಿಂತು ನೋಡಿದರು. ನನಗೆ ಆಗಲೂ ಬುದ್ಧಿ ಬರಲಿಲ್ಲ, ಹೆಮ್ಮೆಯೇ ಆಯಿತು.

ಆ ಹಜಾರದ ನಾಲ್ಕು ಗೋಡೆಗಳಲ್ಲಿ ಒಂದಕ್ಕೆ ಬೀದಿ ಬಾಗಿಲು, ಇನ್ನೊಂದಕ್ಕೆ ಕಿಟಕಿ, ಮತ್ತೊಂದಕ್ಕೆ ಅಡುಗೆಮನೆಯ ಬಾಗಿಲು. ಏನೂ ಇಲ್ಲದ ಗೋಡೆ ಒಂದೇ. ಸೋಫಾ ಅಲ್ಲಿ ಕೂತಿತು. ಅಲ್ಲಿಯವರೆಗೆ ಆ ಗೋಡೆ ನಮ್ಮ ಅತ್ತೆಯವರದು. ಅದಕ್ಕೆ ಒರಗಿ, ಕಾಲು ನೀಡಿಕೊಂಡು ಕೂತು, ಅವರು ಹೂಬತ್ತಿ ಹೊಸೆಯುತ್ತಿದ್ದರು, ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು, ಹೋಗಿ ಬರುವವರನ್ನು ಮಾತಾಡಿಸುತ್ತಿದ್ದರು. ಸೋಫಾ ಬಂದ ಮೇಲೆ ಒಂದು ಮಾತೂ ಆಡದೆ ಮೊರ ಎತ್ತಿಕೊಂಡು ಅಡುಗೆಮನೆಯ ಹೊಸಿಲ ಹತ್ತಿರ ಹೋಗಿ ಕೂತರು. "ಹೊಸಿಲ ಮೇಲೆ ಕೂರಬೇಡ್ರೋ" ಅಂತ ಮಕ್ಕಳಿಗೆ ಗದರುತ್ತಿದ್ದವರು!

ನನ್ನ ಕಣ್ಣಿಗೆ ಅದು ಬೀಳಲೇ ಇಲ್ಲ ನೋಡಿ. ಮೂರು ತಿಂಗಳಾದ ಮೇಲೆ ನನ್ನ ಮಗಳೇ ಕೇಳಿದಳು: "ಅಮ್ಮ, ಅಜ್ಜಿ ಸೋಫಾ ಮುಟ್ಟಬಾರದಾ?"

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಿಂಗಳಿಗೊಮ್ಮೆ ಬರುವ ನೆಂಟರಿಗೆಂದು ದಿನವೂ ಇರುವವರ ಜಾಗ ಕಿತ್ತುಕೊಂಡಿದ್ದೆ. ಪುಟ್ಟ ಹಜಾರದ ಅಲಂಕಾರದ ಬಗ್ಗೆ ನಾನು ನಿಮಗೆ ಹೇಳಬೇಕಾದ ಮೊದಲ ಮಾತು ಇದೇ: ಹಜಾರ ಮೊದಲು ಮನೆಯವರದು, ಆಮೇಲೆ ಅತಿಥಿಗಳದು. ಇದೊಂದನ್ನು ನೆನಪಿಟ್ಟರೆ ಉಳಿದದ್ದೆಲ್ಲ ಸಲೀಸು.

ಮೊದಲು ಅಳತೆ, ಆಮೇಲೆ ಅಂಗಡಿ

ಒಂದು ಕಾಗದ, ಒಂದು ಪೆನ್ಸಿಲು ತೆಗೆದುಕೊಳ್ಳಿ. ಎರಡು ಮೂರು ದಿನ ಸಂಜೆ 6ರಿಂದ 9ರವರೆಗೆ ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಏನು ಮಾಡುತ್ತಾರೆ ಎಂದು ಬರೆಯಿರಿ. ಮಗ ನೆಲದ ಮೇಲೆ ಬೋರಲಾಗಿ ಮಲಗಿ ಬರೆಯುತ್ತಾನೆಯೇ? ಮಾವನವರು ಕಿಟಕಿ ಬೆಳಕಿಗೆ ಪೇಪರು ಓದುತ್ತಾರೆಯೇ? ಮೊಬೈಲು ಚಾರ್ಜಿಗೆ ಹಾಕಿಕೊಂಡು ಪ್ಲಗ್ಗಿನ ಪಕ್ಕದಲ್ಲೇ ಕೂರುವವರು ಯಾರು? ಕೊನೆಗೆ, ನೀವು ಎಲ್ಲಿ ಕೂರುತ್ತೀರಿ? ಆ ಕಾಗದದಲ್ಲಿ ನಿಮ್ಮ ಹೆಸರೇ ಇಲ್ಲದಿದ್ದರೆ, ನಿಮಗೂ ಹಜಾರದಲ್ಲಿ ಜಾಗವಿಲ್ಲವೆಂದೇ ಅರ್ಥ.

ಆಮೇಲೆ ಲೆಕ್ಕಕ್ಕೆ ಬನ್ನಿ. 10ಕ್ಕೆ 12 ಅಂದರೆ 120 ಚದರ ಅಡಿ. ನಾನು ತಂದ ಸೋಫಾ ಆರೂವರೆ ಅಡಿ ಉದ್ದ, 3 ಅಡಿ ಅಗಲ: ಹತ್ತೊಂಬತ್ತೂವರೆ ಚದರ ಅಡಿ. ಕುರ್ಚಿಗಳೆರಡೂ 3ಕ್ಕೆ 3: 18. ಟೀಪಾಯಿ 4ಕ್ಕೆ 2: 8. ಒಟ್ಟು ನಲವತ್ತೈದೂವರೆ ಚದರ ಅಡಿ! ಕೋಣೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಜಾಗವನ್ನು ಮರ ಮತ್ತು ಸ್ಪಂಜೇ ನುಂಗಿಹಾಕಿತ್ತು. ಬಾಗಿಲು ತೆರೆಯಲು ಬೇಕಾದ ಜಾಗ ಇದರಲ್ಲಿ ಸೇರಿಲ್ಲ.

ಹೊಸ ಸಾಮಾನು ಕೊಳ್ಳುವ ಮುಂಚೆ ಅದರ ಉದ್ದಗಲಕ್ಕೆ ಹಳೆಯ ಪೇಪರುಗಳನ್ನು ನೆಲದ ಮೇಲೆ ಹಾಸಿ ಎರಡು ದಿನ ಬಿಡಿ. ಅದನ್ನು ತುಳಿಯದೆ ಓಡಾಡಿ ನೋಡಿ. ಮುಖ್ಯವಾಗಿ ಓಡಾಡುವ ದಾರಿಗೆ ಎರಡೂವರೆ ಅಡಿಯಾದರೂ ಬೇಕು. ಕೂರುವ ಜಾಗಕ್ಕೂ ಟೀಪಾಯಿಗೂ ನಡುವೆ ಒಂದೂವರೆ ಅಡಿ. ಬಾಗಿಲ ಅಗಲವನ್ನೂ, ಮಹಡಿ ಮನೆಯಾದರೆ ಮೆಟ್ಟಿಲ ತಿರುವನ್ನೂ ಅಳೆಯಲು ಮರೆಯಬೇಡಿ. ಕದ ಬಿಚ್ಚಿಸಿದವಳ ಅನುಭವದ ಮಾತಿದು!

ಸೋಫಾದ ಬದಲು ದಿವಾನ

ಸೋಫಾ ಸೆಟ್ಟನ್ನು ಕೊಂಡ ಬೆಲೆಯ ಮೂರನೇ ಒಂದು ಪಾಲಿಗೆ ಮಾರಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆ ಹಣದಲ್ಲಿ 6 ಅಡಿ ಉದ್ದ, ಎರಡೂವರೆ ಅಡಿ ಅಗಲದ ಮರದ ದಿವಾನ ಮಾಡಿಸಿ ಕಿಟಕಿಯ ಕೆಳಗೆ ಹಾಕಿದೆ. ಜೊತೆಗೆ ಎರಡು ಹಗುರವಾದ ಬೆತ್ತದ ಕುರ್ಚಿ, ಒಂದೂವರೆ ಅಡಿ ಚೌಕದ ಒಂದು ಸ್ಟೂಲು. ಎಲ್ಲ ಸೇರಿ ಇಪ್ಪತ್ತೈದು ಚದರ ಅಡಿಗಿಂತ ಚೂರು ಹೆಚ್ಚು. ಉಳಿದದ್ದು ಇಪ್ಪತ್ತು ಚದರ ಅಡಿ, ಅಂದರೆ 4ಕ್ಕೆ 5 ಅಡಿಯ ಒಂದು ಜಮಖಾನೆ ಹಾಸುವಷ್ಟು ಜಾಗ! ಬೋಳು ಗೋಡೆಯೂ ಮರಳಿ ಸಿಕ್ಕಿತು.

ದಿವಾನ ಹಗಲು ಮೂವರಿಗೆ ಆಸನ, ರಾತ್ರಿ ಒಬ್ಬರಿಗೆ ಹಾಸಿಗೆ. ಆದರೆ ಅದನ್ನು ಮಾಡಿಸುವಾಗ ಕೆಲವು ಸಂಗತಿ ಗಮನದಲ್ಲಿರಲಿ. ಹಾಸಿಗೆಯೂ ಸೇರಿ ಎತ್ತರ 17-18 ಅಂಗುಲ ಇರಬೇಕು. ಅದಕ್ಕಿಂತ ತಗ್ಗಾದರೆ ಮಂಡಿ ನೋವಿನವರಿಗೆ ಏಳುವುದು ಕಷ್ಟ. ಎರಡೂವರೆ ಅಡಿ ಅಗಲ ಮಲಗಲು ಸರಿ, ಆದರೆ ಗೋಡೆಗೆ ಒರಗಿ ಕೂತರೆ ಕಾಲು ನೆಲಕ್ಕೆ ಎಟುಕುವುದಿಲ್ಲ. ಆದ್ದರಿಂದ ಹಿಂದೆ 8-9 ಅಂಗುಲ ದಪ್ಪದ ಲೋಡುದಿಂಬು ಇಡಿ. ಆಗ ಕೂರುವ ಜಾಗ ಸುಮಾರು 21 ಅಂಗುಲಕ್ಕೆ ಇಳಿದು ಬೆನ್ನಿಗೆ ಹಿತವಾಗುತ್ತದೆ. ಲೋಡಿಗೆ ಹತ್ತಿ ತುಂಬಿಸಿದರೆ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಬಹುದು.

ದಿವಾನದ ಅಡಿ ಪೆಟ್ಟಿಗೆ ಇರಬೇಕೇ, ಬರೀ ಕಾಲುಗಳಿರಬೇಕೇ? ಹಾಸಿಗೆ ಹೊದಿಕೆ ಇಡಲು ಬೇರೆ ಜಾಗವೇ ಇಲ್ಲದವರು ಪೆಟ್ಟಿಗೆ ಮಾಡಿಸಿ. ಆದರೆ ಮುಚ್ಚಳ ಎತ್ತುವ ಬಗೆಯದು ಬೇಡ, ಮುಂದಕ್ಕೆ ಎಳೆಯುವ ಡ್ರಾಯರು ಇರಲಿ. ಪ್ರತಿ ಸಲವೂ ಕೂತವರನ್ನು ಎಬ್ಬಿಸುವುದು ಚೆನ್ನಾಗಿರುತ್ತದೆಯೇ? ಅಂಥ ಅಗತ್ಯವಿಲ್ಲದವರು 6 ಅಂಗುಲದ ಕಾಲು ಇಡಿಸಿ. ಪೊರಕೆ ಸಲೀಸಾಗಿ ಒಳಗೆ ಹೋಗುತ್ತದೆ. ಅಡಿಯ ನೆಲ ಕಾಣುವುದರಿಂದ ಕೋಣೆಯೂ ದೊಡ್ಡದೆನಿಸುತ್ತದೆ.

ಗೋಡೆ, ಪರದೆ, ಬೆಳಕು

ಚಿಕ್ಕ ಕೋಣೆಗೆ ಗಾಢ ಬಣ್ಣ ಬೇಡವೇ ಬೇಡ ಅನ್ನಲಾರೆ. ಆದರೆ ಗೋಡೆಗೂ ಚಾವಣಿಗೂ ಒಂದೇ ಬೆಣ್ಣೆ ಬಿಳುಪು ಬಳಿದರೆ ಗೋಡೆ ಎಲ್ಲಿ ಮುಗಿಯಿತೆಂದು ಕಣ್ಣಿಗೆ ಥಟ್ಟನೆ ತಿಳಿಯದೆ ಕೋಣೆ ಎತ್ತರವಾಗಿ ಕಾಣುತ್ತದೆ. ಪರದೆಯ ಸರಳನ್ನು ಕಿಟಕಿಯ ಚೌಕಟ್ಟಿಗೇ ಬಡಿಯದೆ 6 ಅಂಗುಲ ಮೇಲೆ, ಎರಡೂ ಪಕ್ಕಕ್ಕೆ 6 ಅಂಗುಲ ಹೊರಗೆ ಹಾಕಿಸಿ. ಪರದೆ ಸರಿಸಿದಾಗ ಅದು ಗೋಡೆಯ ಮೇಲೆ ಸರಿದು ಕಿಟಕಿಯ ಪೂರ್ತಿ ಬೆಳಕು ಒಳಗೆ ಬರುತ್ತದೆ. ಬಟ್ಟೆ ಸರಳಿನ ಉದ್ದಕ್ಕೆ ಎರಡರಷ್ಟು ಇದ್ದರೆ ನೆರಿಗೆ ಚೆನ್ನಾಗಿ ಬೀಳುತ್ತದೆ. ಕಿಟಕಿ ಕೆಳಗೆ ದಿವಾನ ಇದ್ದರೆ ಪರದೆ ನೆಲದವರೆಗೆ ಬೇಡ, ಕೂತವರ ತಲೆಗೆ ತಾಗುತ್ತಿರುತ್ತದೆ. ಕಿಟಕಿಯಿಂದ ಒಂದು ಗೇಣು ಕೆಳಗೆ ಇಳಿದರೆ ಸಾಕು, ಹಗಲಿನಲ್ಲಿ ಸರಿಸಿ ಕಟ್ಟಿಬಿಡಿ.

ಕಿಟಕಿಯ ಎದುರು ಗೋಡೆಗೆ ಒಂದು ಕನ್ನಡಿ ತೂಗುಹಾಕಿ, ಬೆಳಕು ಇಮ್ಮಡಿಸುತ್ತದೆ. ಟಿ.ವಿ.ಯನ್ನು ಮಾತ್ರ ಅಲ್ಲಿ ಹಾಕಬೇಡಿ, ಪರದೆಯ ತುಂಬ ಕಿಟಕಿಯೇ ಕಾಣುತ್ತದೆ! ಅದು ಪಕ್ಕದ ಗೋಡೆಗಿರಲಿ, ಕೂತವರ ಕಣ್ಣಿನ ಮಟ್ಟಕ್ಕೆ. ಎಷ್ಟೋ ಮನೆಗಳಲ್ಲಿ ದೇವರ ಪಟದಷ್ಟು ಎತ್ತರಕ್ಕೆ ಹಾಕಿಸಿ, ಆಮೇಲೆ ಕತ್ತು ನೋವೆನ್ನುತ್ತಾರೆ.

ರಾತ್ರಿಗೆ ಒಂದೇ ಟ್ಯೂಬ್‌ಲೈಟು ಸಾಲದು. ದಿವಾನದ ತಲೆಯ ಕಡೆ, ಓದುವವರ ಹೆಗಲ ಹಿಂದೆ ಬೀಳುವಂತೆ ಒಂದು ದೀಪ ಬೇಕು. ಎಲ್.ಇ.ಡಿ. ಬಲ್ಬು ಕೊಳ್ಳುವಾಗ ಡಬ್ಬಿಯ ಮೇಲೆ ನೋಡಿ: 2700ರಿಂದ 3000 ಕೆಲ್ವಿನ್ ಎಂದಿದ್ದರೆ ಹಿತವಾದ ಹಳದಿ ಬೆಳಕು, 6500 ಎಂದಿದ್ದರೆ ಅದು ಟ್ಯೂಬ್‌ಲೈಟಿನಂಥ ಬಿಳಿಯದು.

ನಮ್ಮ ನಾಡಿನ ಬಟ್ಟೆಬರೆ

ಸೊಬಗು ಬೇಕೆಂದರೆ ದುಬಾರಿ ಸಾಮಾನೇ ಬೇಕೆಂದಿಲ್ಲ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳೇ ನೇಯುವ ಜಮಖಾನೆಗಳನ್ನು ನೋಡಿದ್ದೀರಾ? ನವಿಲು, ಪಗಡೆ ಹಾಸಿನ ಚಿತ್ತಾರ, ಕಣ್ಣಿಗೆ ಹಬ್ಬ. ಅಂಥದ್ದೊಂದು ಹಾಸಿದರೆ ಆ ಕೋಣೆಗೆ ಬೇರೆ ಅಲಂಕಾರವೇ ಬೇಡ. ಆಗ ದಿವಾನದ ಹೊದಿಕೆ ಸಾದಾ ಕೈಮಗ್ಗದ್ದಿರಲಿ. ನೆಲದ ಮೇಲೂ ಚಿತ್ತಾರ, ದಿವಾನದ ಮೇಲೂ ಚಿತ್ತಾರ ಎಂದಾದರೆ ಚಿಕ್ಕ ಕೋಣೆಯಲ್ಲಿ ಜಾತ್ರೆಯಾದೀತು.

ಗುಳೇದಗುಡ್ಡದ ಖಣ ರವಿಕೆಗೆ ಮಾತ್ರ ಅಂದುಕೊಂಡಿರಾ? ದಿಂಬಿನ ಕವರಿನ ಮುಂಭಾಗಕ್ಕೆ ಖಣ, ಹಿಂಭಾಗಕ್ಕೆ ಸಾದಾ ಹತ್ತಿಬಟ್ಟೆ ಹಾಕಿ ಹೊಲಿಯಿರಿ, ಖರ್ಚೂ ಕಡಿಮೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ ಸೇರಿಸಿ ಹೊಲಿಯುವ ಕೌದಿಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುವ ಬದಲು ಮಡಿಸಿ ದಿವಾನದ ತುದಿಗೆ ಹಾಕಿ. ನಿಮ್ಮ ತಾಯಿಯ ಸೀರೆಯ ಚೂರು ಅದರಲ್ಲಿದ್ದರೆ ಅದಕ್ಕಿಂತ ಚೆಂದದ ಅಲಂಕಾರ ಇನ್ನೇನಿದೆ?

ಷೋಕೇಸಿನಲ್ಲಿರುವ ಚನ್ನಪಟ್ಟಣದ ಗೊಂಬೆ, ಮಕ್ಕಳ ಕಪ್ಪು, ಪ್ರವಾಸದಲ್ಲಿ ತಂದ ತಾಜಮಹಲು ಎಲ್ಲವನ್ನೂ ಒಟ್ಟಿಗೇ ಜೋಡಿಸಬೇಕೆಂದಿಲ್ಲ. ಅರ್ಧ ತೆಗೆದು ಪೆಟ್ಟಿಗೆಯಲ್ಲಿಡಿ. ಯುಗಾದಿಗೊಮ್ಮೆ, ದಸರೆಗೊಮ್ಮೆ ಅದಲು ಬದಲು ಮಾಡಿ. ವರ್ಷಕ್ಕೆರಡು ಸಲ ಖರ್ಚಿಲ್ಲದೆ ಹೊಸ ಹಜಾರ! ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲು ಮಾಲೀಕರು ಬಿಡದಿದ್ದರೆ ಒಂದು ಉದ್ದನೆಯ ಮೋಟು ಷೆಲ್ಫಿನ ಮೇಲೆ ಪಟಗಳನ್ನು ಗೋಡೆಗೆ ಒರಗಿಸಿಡಿ. ಕಿಟಕಿಯಲ್ಲೊಂದು ಮನಿಪ್ಲಾಂಟು ನೀರಿನ ಶೀಸೆಯಲ್ಲೇ ಹಬ್ಬುತ್ತದೆ. ವಾರಕ್ಕೊಮ್ಮೆ ನೀರು ಬದಲಿಸಿ.

ಆ ಕಿಟಕಿಯ ಮೂಲೆ

ದಿವಾನ ಬಂದ ದಿನ ಅತ್ತೆಯವರನ್ನು ಕರೆದು, "ಇಲ್ಲಿ ಕೂತ್ಕೊಳ್ಳಿ ಅಮ್ಮ" ಅಂದೆ. "ನನಗ್ಯಾಕೆ, ಬಂದವರಿಗಿರಲಿ ಬಿಡು" ಅಂದರು. ಬಂದವರಿಗೆ ಬೆತ್ತದ ಕುರ್ಚಿ ಇದೆ ಅಂದೆ. ಆಮೇಲೆ ಮೆಲ್ಲಗೆ ಬಂದು, ಕಿಟಕಿಯ ಕಡೆಯ ಮೂಲೆಗೆ ಲೋಡು ಎಳೆದುಕೊಂಡು, ಕಾಲು ನೀಡಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳನ್ನು ಅಲ್ಲಿಂದಲೇ ಕೂಗಿ ಚೌಕಾಸಿ ಶುರುಮಾಡಿದರು! ಮೂರು ತಿಂಗಳಿಂದ ಮನೆಯಲ್ಲಿ ಆ ದನಿಯೇ ಕೇಳಿರಲಿಲ್ಲವೆಂದು ನನಗೆ ಹೊಳೆದದ್ದು ಆಗಲೇ.

ಹದಿನಾಲ್ಕು ವರ್ಷ ಅದು ಅವರ ಜಾಗವಾಗಿತ್ತು. ಅವರು ಈಗಿಲ್ಲ. ಮನೆ ಬದಲಾಯಿತು, ದಿವಾನ ಮಾತ್ರ ನಮ್ಮ ಜೊತೆಗೇ ಬಂತು, ಈಗಲೂ ಕಿಟಕಿಯ ಕೆಳಗೇ ಇದೆ. ಮಂಡಿ ಹಿಡಿದುಕೊಂಡು ಆ ಮೂಲೆಯಲ್ಲಿ ಕೂರುವ ಸರದಿ ಈಗ ನನ್ನದು. 18 ಅಂಗುಲದ ಎತ್ತರ ಎಷ್ಟು ಮುಖ್ಯವೆಂದು ಈಗ ನನಗೆ ಇನ್ನೂ ಚೆನ್ನಾಗಿ ಗೊತ್ತು!

ಹಾಗಾದರೆ ಇವತ್ತೇ ಸಂಜೆ ಕಾಗದ ಪೆನ್ಸಿಲು ಹಿಡಿಯುತ್ತೀರಿ ತಾನೇ? ಕೊಳ್ಳುವುದು ಆಮೇಲಿರಲಿ, ಮೊದಲು ನಿಮ್ಮ ಮನೆಯ ಹೊಸಿಲ ಹತ್ತಿರ ಯಾರಾದರೂ ಸದ್ದಿಲ್ಲದೆ ಕೂತಿದ್ದಾರೆಯೇ, ನೋಡಿ. ಮುಂದಿನ ಸಂಚಿಕೆಯಲ್ಲಿ ಚಿಕ್ಕ ಅಡುಗೆಮನೆಯ ಡಬ್ಬಿಗಳ ಓರಣದ ಬಗ್ಗೆ ಮಾತಾಡೋಣ. ಅಲ್ಲಿಯವರೆಗೆ, ನಮಸ್ಕಾರ.