ನೋಡಿಸಿಕೊಳ್ಳುವುದೂ ಒಂದು ವಿದ್ಯೆ

"ಅವಳು ಮಾಡೆಲ್ ಆಗಿದ್ದವಳು. ಕ್ಯಾಮೆರಾ ಮುಂದೆ ಚೆನ್ನಾಗಿ ಕಾಣುತ್ತಾಳೆ, ಅಷ್ಟೆ. ನಟನೆ ಅನ್ನೋದು ಬೇರೆ." ಜಪಾನಿನ ನಟಿ ರಿಯೆ ಮಿಯಾಜಾವಾ ಬಗ್ಗೆ ಮಾತು ಬಂದಾಗ, ಸಿನಿಮಾವನ್ನು ಗಂಭೀರವಾಗಿ ನೋಡುವ ಒಬ್ಬರು ಹೀಗೆ ಹೇಳಿದರು. ಇದು ಅವರೊಬ್ಬರ ಮಾತಲ್ಲ. ಜಾಹೀರಾತಿನಿಂದಲೋ ಪತ್ರಿಕೆಯ ಮುಖಪುಟದಿಂದಲೋ ಸಿನಿಮಾಕ್ಕೆ ಬಂದ ಯಾವ ಹೆಣ್ಣಿನ ವಿಷಯದಲ್ಲೂ ಈ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ. ಚಿತ್ರ ನೋಡುವುದಕ್ಕೆ ಮುಂಚೆಯೇ ಅದಕ್ಕೆ ರುಜು ಬಿದ್ದಿರುತ್ತದೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧ. ಕ್ಯಾಮೆರಾ ಮುಂದೆ ಇರಲು ಬರುವುದು ಸಿನಿಮಾ ನಟನೆಗೆ ಹೊರಗಿನದಲ್ಲ, ಅದರ ದೊಡ್ಡ ಪಾಲೇ ಅದು. ಆ ಪಾಲು ಹುಟ್ಟಿನಿಂದ ಬರುವುದಿಲ್ಲ, ಕಲಿಯಬೇಕು. ಮಾಡೆಲ್‌ಗಳು ಅದನ್ನು ಉಳಿದವರಿಗಿಂತ ಮೊದಲು ಕಲಿತಿರುತ್ತಾರೆ. ಅವರ ಮೇಲೆ ನಾವು ಹೊರಿಸುವ ಅಪರಾಧ ಇಷ್ಟೇ.

ಮಿಯಾಜಾವಾ 1973ರಲ್ಲಿ ಟೋಕಿಯೊದಲ್ಲಿ ಹುಟ್ಟಿದವರು. ತಾಯಿ ಜಪಾನಿ, ತಂದೆ ಡಚ್. ಹನ್ನೊಂದರ ವಯಸ್ಸಿಗೇ ಮಾಡೆಲ್ ಆಗಿ ದುಡಿಯತೊಡಗಿದರು. 1987ರಲ್ಲಿ ಮಿತ್ಸುಯಿ ರಿಹೌಸ್ ಎಂಬ ಮನೆ ಮಾರಾಟದ ಕಂಪನಿಯ ಟಿ.ವಿ. ಜಾಹೀರಾತು ಅವರನ್ನು ದೇಶಕ್ಕೆಲ್ಲ ಪರಿಚಯಿಸಿತು. ಮನೆ ಬದಲಿಸಿ ಬಂದ ಹುಡುಗಿ ಹೊಸ ಶಾಲೆಯ ತರಗತಿಯಲ್ಲಿ ನಿಂತು ತನ್ನ ಹೆಸರು ಹೇಳಿಕೊಳ್ಳುತ್ತಾಳೆ. ಜಾಹೀರಾತು ಅಷ್ಟೇ. ಜಪಾನಿನಲ್ಲಿ ಟಿ.ವಿ. ಜಾಹೀರಾತುಗಳು ಹೆಚ್ಚಾಗಿ 15 ಸೆಕೆಂಡಿನವು. ಆ 15 ಸೆಕೆಂಡಿನೊಳಗೆ ಹೊಸ ಹುಡುಗಿಯ ಅಂಜಿಕೆ, ಅಂಜಿಕೆಯನ್ನು ಮುಚ್ಚಿಕೊಳ್ಳುವ ಹಟ, ತರಗತಿಯ ಅಷ್ಟೂ ಕಣ್ಣುಗಳು ತನ್ನ ಮೇಲಿವೆ ಎಂಬ ಅರಿವು, ಎಲ್ಲವೂ ಕಾಣಬೇಕು. ನಿರ್ದೇಶಕ ಇನ್ನೊಮ್ಮೆ ಎಂದರೆ ಅದೇ ಅಂಜಿಕೆಯನ್ನು ಇನ್ನೊಮ್ಮೆ, ಅಷ್ಟೇ ಹೊಸದಾಗಿ ತರಬೇಕು. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ಕತ್ತು ಎಷ್ಟು ತಿರುಗಿದರೆ ಕಣ್ಣು ಕತ್ತಲಿಗೆ ಹೋಗುತ್ತದೆ, ತೊಟ್ಟ ಬಟ್ಟೆ ನಡೆಯುವಾಗ ಎಲ್ಲಿ ಮಡಿಕೆ ಬೀಳುತ್ತದೆ ಎಂಬುದು ಮೈಗೆ ಗೊತ್ತಿರಬೇಕು. ಗೊತ್ತಿದೆ ಎಂಬುದು ಮಾತ್ರ ಮುಖದಲ್ಲಿ ಕಾಣಬಾರದು. ಇದನ್ನು ಹದಿನಾಲ್ಕರ ಹುಡುಗಿ ಮಾಡಿ ತೋರಿಸಿದರೆ ನಾವು 'ಮುಖ ಚೆನ್ನಾಗಿದೆ' ಎಂದು ಮುಗಿಸಿಬಿಡುತ್ತೇವೆ.

ಮರುವರ್ಷವೇ, 1988ರಲ್ಲಿ, 'ಸೆವೆನ್ ಡೇಸ್ ವಾರ್' ಎಂಬ ಚಿತ್ರದಿಂದ ಅವರು ತೆರೆಗೆ ಬಂದರು. ಅದಕ್ಕೆ ಜಪಾನ್ ಅಕಾಡೆಮಿಯ ಹೊಸಬರ ಪ್ರಶಸ್ತಿಯೂ ಸಿಕ್ಕಿತು. 1992ರಲ್ಲಿ ತೆರೆಕಂಡ ತಮ್ಮ ಕೊನೆಯ ಚಿತ್ರದಲ್ಲಿ ರಾಜಕುಮಾರಿ ಗೋ ಪಾತ್ರಕ್ಕೆ ಹಿರೋಷಿ ತೆಶಿಗಾಹಾರಾ ಅವರನ್ನು ಕರೆದರು. 'ವುಮನ್ ಇನ್ ದ ಡ್ಯೂನ್ಸ್' ಮಾಡಿದ ತೆಶಿಗಾಹಾರಾ ಹೆಸರು ಕೇಳದ ಸಿನಿಮಾಪ್ರಿಯರು ಕಡಿಮೆ. ಅವರು ಸೊಗೆತ್ಸು ಎಂಬ ಹೂ ಜೋಡಣೆಯ ಪರಂಪರೆಯ ಮುಖ್ಯಸ್ಥರೂ ಆಗಿದ್ದರು. ಒಂದು ಕೊಂಬೆಯನ್ನು ಎಲ್ಲಿ ಇಟ್ಟರೆ ಸುತ್ತಲ ಖಾಲಿ ಜಾಗ ಮಾತಾಡುತ್ತದೆ ಎಂದು ಬಲ್ಲ ಮನುಷ್ಯ ಇನ್ನೂ ಇಪ್ಪತ್ತಾಗದ ಈ ಹುಡುಗಿಯನ್ನು ತತ್ಸುಯಾ ನಕದಾಯಿ ಅಂಥ ಘಟಾನುಘಟಿಯ ಎದುರು ನಿಲ್ಲಿಸಿದರು. ಕಾಣುವುದನ್ನೇ ಕಸುಬು ಮಾಡಿಕೊಂಡವರು ಅವರಲ್ಲಿ ಏನು ಕಂಡರು ಎಂದು ಯೋಚಿಸುವ ವ್ಯವಧಾನ ಆಗಿನ ಪತ್ರಿಕೆಗಳಿಗೆ ಇರಲಿಲ್ಲ.

ಪತ್ರಿಕೆಗಳಿಗೆ ಬೇರೆ ಕೆಲಸವಿತ್ತು. 1991ರಲ್ಲಿ ಛಾಯಾಗ್ರಾಹಕ ಕಿಶಿನ್ ಷಿನೊಯಾಮಾ ತೆಗೆದ ಮಿಯಾಜಾವಾ ಅವರ ಚಿತ್ರಗಳ ಸಂಪುಟವೊಂದು ಹೊರಬಂದು ದೊಡ್ಡ ವಿವಾದವಾಯಿತು, ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. 1992ರ ನವೆಂಬರ್‌ನಲ್ಲಿ ಸುಮೊ ಪೈಲ್ವಾನ ತಕಾಹನಾದಾ ಜೊತೆ ಮದುವೆ ನಿಶ್ಚಯವಾಯಿತು. 1993ರ ಜನವರಿಯಲ್ಲಿ ಅದು ಮುರಿದುಬಿತ್ತು. ಮುಂದಿನ ಕೆಲವು ವರ್ಷ ಅವರು ಎಷ್ಟು ಸೊರಗಿದ್ದಾರೆ ಎಂಬುದೇ ಸುದ್ದಿ. ದುಡ್ಡು ಕೊಟ್ಟು ಅವರನ್ನು ನೋಡಿದ ಅದೇ ಜನ, ಅವರು ನೋಡಿಸಿಕೊಂಡರು ಎಂದು ದೂರಿದರು. ನೋಟ ನಮ್ಮದು, ತಪ್ಪು ಅವರದು. ಮಾಡೆಲ್‌ಗೆ ನಟನೆ ಬರುವುದಿಲ್ಲ ಎಂಬ ತಾತ್ಸಾರದ ಬೇರು ಕಲಾವಿಮರ್ಶೆಯಲ್ಲಿಲ್ಲ, ಇಲ್ಲಿದೆ. ಕಾಣಿಸಿಕೊಂಡು ಬದುಕುವ ಹೆಣ್ಣನ್ನು ಅಗ್ಗ ಎಂದುಕೊಳ್ಳುವ ಹಳೆಯ ರೋಗವೇ ಸಿನಿಮಾ ಜ್ಞಾನದ ವೇಷ ತೊಟ್ಟು ಬಂದಿದೆ.

ಆಮೇಲೆ ಪ್ರಶಸ್ತಿಗಳು ಬಂದವು. ಹಾಂಗ್‌ಕಾಂಗ್‌ನ ನಿರ್ದೇಶಕ ಯೋನ್‌ಫಾನ್ ಅವರ 'ಪಿಯೊನಿ ಪೆವಿಲಿಯನ್' ಚಿತ್ರಕ್ಕಾಗಿ 2001ರಲ್ಲಿ ಮಾಸ್ಕೊ ಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿ. ಮುಂದೆ ಜಪಾನ್ ಅಕಾಡೆಮಿಯ ಶ್ರೇಷ್ಠ ನಟಿ ಪ್ರಶಸ್ತಿ ಮೂರು ಸಲ. ಆಗ ಮಾತು ತಿರುಗಿತು. ನೋವು ಉಂಡು ಮಾಗಿದರು, ದುಃಖ ಅವರನ್ನು ನಟಿ ಮಾಡಿತು ಎನ್ನತೊಡಗಿದರು. ಈ ಹೊಗಳಿಕೆ ನನಗೆ ಹಳೆಯ ತೆಗಳಿಕೆಗಿಂತಲೂ ಕೆಟ್ಟದಾಗಿ ಕೇಳಿಸುತ್ತದೆ. ತೆಗಳುವಾಗ ಎಲ್ಲವೂ ಮುಖದ ಕೃಪೆ, ಹೊಗಳುವಾಗ ಎಲ್ಲವೂ ಕಷ್ಟದ ಕೃಪೆ. ಎರಡರಲ್ಲೂ ಹೆಂಗಸು ಮಾಡಿದ ಕೆಲಸಕ್ಕೆ ಜಾಗವಿಲ್ಲ. ನಿಶ್ಚಿತಾರ್ಥ ಮುರಿದುಬಿದ್ದವರೆಲ್ಲ ದೊಡ್ಡ ನಟಿಯರಾಗುವುದಿಲ್ಲ. ಹನ್ನೊಂದನೇ ವಯಸ್ಸಿನಿಂದ ಕ್ಯಾಮೆರಾ ಮುಂದೆ ಕಳೆದ ಗಂಟೆಗಳನ್ನು ಲೆಕ್ಕದಿಂದ ಬಿಟ್ಟು, ಹೃದಯ ಒಡೆದ ದಿನವನ್ನು ಮಾತ್ರ ಹಿಡಿದುಕೊಳ್ಳುವುದು ಯಾವ ನ್ಯಾಯ?

ನಾನು ಹೇಳುತ್ತಿರುವ ವಿದ್ಯೆ ಎಂಥದು ಎಂದು ತಿಳಿಯಬೇಕಾದರೆ 'ಟೋನಿ ತಕಿತಾನಿ' ನೋಡಬೇಕು. ಹರುಕಿ ಮುರಾಕಾಮಿ ಅವರ ಸಣ್ಣಕಥೆಯೊಂದನ್ನು ಜುನ್ ಇಚಿಕಾವಾ 2004ರಲ್ಲಿ ಒಂದೂಕಾಲು ಗಂಟೆಯ ಚಿತ್ರವಾಗಿಸಿದರು. ರ್ಯೂಇಚಿ ಸಕಾಮೊಟೊ ಅವರ ಪಿಯಾನೊ, ಪುಟ ಮಗುಚಿದಂತೆ ಎಡದಿಂದ ಬಲಕ್ಕೆ ಸರಿಯುವ ಕ್ಯಾಮೆರಾ, ಕಥೆ ಹೇಳುವ ಒಂದು ಗಂಡುದನಿ. ನಡುನಡುವೆ ಆ ದನಿಯ ವಾಕ್ಯವನ್ನು ಪಾತ್ರಗಳೇ ಎತ್ತಿಕೊಂಡು ಮುಗಿಸುತ್ತವೆ. ಟೋನಿ ಯಂತ್ರಗಳ ಚಿತ್ರವನ್ನು ಕೂದಲೆಳೆಯಷ್ಟೂ ತಪ್ಪದೆ ಬರೆಯುವ ಕಲಾವಿದ, ಒಂಟಿಯಾಗಿ ಬೆಳೆದವನು. ಅವನು ಎಯ್ಕೊ (ಮಿಯಾಜಾವಾ) ಎಂಬ ಹುಡುಗಿಗೆ ಮನಸೋಲುತ್ತಾನೆ. ಏಕೆ? ಅವಳು ಬಟ್ಟೆ ತೊಡುವ ರೀತಿಗೆ. ಕಥೆಯಲ್ಲಿ ಬೇರೆ ಕಾರಣವೇ ಇಲ್ಲ. ಯೋಚಿಸಿ ನೋಡಿ, ನಟಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇದೆಯೇ? ಅತ್ತು ತೋರಿಸುವಂತಿಲ್ಲ, ಮಾತಿನಲ್ಲಿ ಗೆಲ್ಲುವಂತಿಲ್ಲ. ಬಂದು ನಿಲ್ಲಬೇಕು, ಬಟ್ಟೆ ಅವಳ ಮೈಮೇಲೆ ಇರುವುದನ್ನು ನೋಡಿ, ಇವನಿಗೆ ಇವಳಿಲ್ಲದೆ ಬದುಕಲು ಆಗುವುದಿಲ್ಲ ಎಂದು ಪ್ರೇಕ್ಷಕ ನಂಬಬೇಕು. ನಂಬದಿದ್ದರೆ ಚಿತ್ರ ಅಲ್ಲೇ ಮುಗಿಯಿತು.

ಮದುವೆಯಾಗುತ್ತದೆ. ಎಯ್ಕೊಗೆ ಬಟ್ಟೆ ಕೊಳ್ಳುವುದನ್ನು ನಿಲ್ಲಿಸಲು ಆಗುವುದಿಲ್ಲ. ಒಂದು ಇಡೀ ಕೋಣೆ ಬಟ್ಟೆಗಳಿಂದ ತುಂಬುತ್ತದೆ. ಸ್ವಲ್ಪ ಕಡಿಮೆ ಮಾಡಬಾರದೇ ಎಂದು ಗಂಡ ಮೆಲ್ಲಗೆ ಕೇಳುತ್ತಾನೆ. ಅವಳು ಒಂದು ಕೋಟು, ಒಂದು ಉಡುಪನ್ನು ಅಂಗಡಿಗೆ ವಾಪಸು ಕೊಟ್ಟು ಬರುವ ದಾರಿಯಲ್ಲಿ, ಮನಸ್ಸು ಇನ್ನೂ ಆ ಬಟ್ಟೆಗಳ ಮೇಲೇ ಇರುವಾಗ, ಅಪಘಾತದಲ್ಲಿ ಸಾಯುತ್ತಾಳೆ. ಆಮೇಲೆ ಟೋನಿ ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಾನೆ. ಹೆಂಡತಿಯ ಅಳತೆಯವಳೇ ಒಬ್ಬಳು ಬೇಕು, ಅವಳ ಬಟ್ಟೆಗಳನ್ನೇ ತೊಟ್ಟು ಕೆಲಸಕ್ಕೆ ಬರಬೇಕು. ಹೆಂಡತಿ ಇಲ್ಲ ಎಂಬುದು ಹಾಗಾದರೂ ರೂಢಿಯಾದೀತು ಎಂದು ಅವನ ಎಣಿಕೆ. ಹಿಸಾಕೊ ಎಂಬ ಹುಡುಗಿ ಬರುತ್ತಾಳೆ. ಅವಳೂ ಮಿಯಾಜಾವಾ.

ಅಂದರೆ ಮೈ ಒಂದೇ, ಬಟ್ಟೆಗಳೂ ಅವೇ, ಹೆಂಗಸರು ಮಾತ್ರ ಇಬ್ಬರು. ಎಯ್ಕೊ ಬಟ್ಟೆಯನ್ನು ಮರೆತು ತೊಡುತ್ತಾಳೆ, ಅದು ಅವಳಿಗೆ ಉಸಿರಿನಷ್ಟು ಸಹಜ. ಹಿಸಾಕೊಗೆ ಅಂಥ ಬಟ್ಟೆಗಳು ಎಂದೂ ಸ್ವಂತದವಾಗಿದ್ದಿಲ್ಲ. ಭುಜ ಒಂದಿಷ್ಟು ಮುಂದಕ್ಕೆ ಬಾಗಿದೆ, ಕೈಗಳಿಗೆ ಎಲ್ಲಿರಬೇಕೆಂದು ತಿಳಿಯುತ್ತಿಲ್ಲ. ಸತ್ತವಳ ಕೋಣೆಗೆ ಹೋಗಿ ಸಾಲುಸಾಲು ಬಟ್ಟೆಗಳನ್ನು ನೋಡುತ್ತಾಳೆ, ಮುಟ್ಟುತ್ತಾಳೆ, ತೊಟ್ಟು ನೋಡುತ್ತಾಳೆ, ಇದ್ದಕ್ಕಿದ್ದಂತೆ ಅಳತೊಡಗುತ್ತಾಳೆ. ಏಕೆ ಅಳು ಬಂತೆಂದು ಅವಳಿಗೇ ಗೊತ್ತಿಲ್ಲ. ನನಗೆ ಗೊತ್ತಾಗುತ್ತದೆ, ಏಕೆಂದರೆ ಅಳುವಿಗೆ ಮುಂಚೆ ಅವಳ ಬೆರಳುಗಳು ಆ ಬಟ್ಟೆಯ ಮೇಲೆ ಹೇಗೆ ಓಡಾಡಿದವು ಎಂದು ಕಂಡಿದ್ದೇನೆ. ಬಟ್ಟೆಗೆ ಭಾರವಿದೆ, ತೊಟ್ಟವರ ನೆನಪಿದೆ, ಅದು ಒಬ್ಬರನ್ನು ಒಪ್ಪಿಕೊಂಡು ಇನ್ನೊಬ್ಬರನ್ನು ಒಲ್ಲೆ ಎನ್ನಬಲ್ಲದು ಎಂಬುದು ಇತರರ ಬಟ್ಟೆ ತೊಟ್ಟೇ ಅನ್ನ ಸಂಪಾದಿಸಿದವರಿಗೆ ತಿಳಿದಷ್ಟು ಬೇರೆ ಯಾರಿಗೆ ತಿಳಿದೀತು? ಈ ಚಿತ್ರವನ್ನು ನೋಡಿಯೂ 'ಮಾಡೆಲ್ ಆಗಿದ್ದವಳು, ಅಷ್ಟೆ' ಎನ್ನುವವರು ಚಿತ್ರವನ್ನು ನೋಡಿಲ್ಲ.

ಯೋಜಿ ಯಮಾದಾ ಅವರ 'ದ ಟ್ವೈಲೈಟ್ ಸಮುರಾಯ್' (2002) ಹೆಚ್ಚು ಜನ ನೋಡಿದ ಚಿತ್ರ, ಆಸ್ಕರ್‌ಗೆ ನಾಮನಿರ್ದೇಶನಗೊಂಡದ್ದು. ಬಡ ಸಮುರಾಯ್ ಸೇಬೆಯಿ ಒಡೆಯನ ಅಪ್ಪಣೆಯಂತೆ ಒಬ್ಬನನ್ನು ಕೊಲ್ಲಲು ಹೊರಡಬೇಕು. ಬಾಲ್ಯದ ಗೆಳತಿ ತೊಮೊಎಯನ್ನು (ಮಿಯಾಜಾವಾ) ಕರೆಸಿ ತನ್ನನ್ನು ಸಿದ್ಧಗೊಳಿಸಲು ಕೇಳುತ್ತಾನೆ. ಅವಳು ಕೂದಲು ಕಟ್ಟುತ್ತಾಳೆ, ಉಡುಪು ಸರಿಮಾಡುತ್ತಾಳೆ. ಅವನು ಇಷ್ಟು ದಿನ ಹೇಳದೆ ಉಳಿದ ಪ್ರೀತಿಯನ್ನು ಆಗ ಹೇಳುತ್ತಾನೆ. ಅವಳಿಗೆ ಬೇರೆ ಕಡೆ ಮದುವೆ ನಿಶ್ಚಯವಾಗಿದೆ. ಆ ದೃಶ್ಯದಲ್ಲಿ ಮಿಯಾಜಾವಾ ಮಾಡುವುದು ಬರೀ ಕೆಲಸ. ಆದರೆ ನಾನು ನೋಡುತ್ತಿರುವುದು ಕೆಲಸವನ್ನಲ್ಲ. ಕೈ ಒಂದು ಮಾಡುತ್ತಿರುವಾಗ ಮುಖ ಇನ್ನೊಂದನ್ನು ತಡೆದು ಹಿಡಿಯುವುದು ಲೆನ್ಸ್ ಅನ್ನು ಬಹುಕಾಲ ಬಲ್ಲವರಿಗೆ ಮಾತ್ರ ಸಾಧ್ಯ.

ಇಲ್ಲಿ ನಾನು ಗೌರವಿಸುವ ಒಂದು ವಾದವಿದೆ. ರಂಗಭೂಮಿಯಲ್ಲಿ ಪಳಗಿದ ನಟನೆಗೆ ಇನ್ನೊಂದು ಆಳವಿರುತ್ತದೆ, ಮಾತಿನ ಮೇಲೆ ಹಿಡಿತ, ಪಾತ್ರವನ್ನು ಬುಡದಿಂದ ಕಟ್ಟುವ ಶಿಸ್ತು ಅಲ್ಲಿ ಸಿಕ್ಕಷ್ಟು ಬೇರೆಲ್ಲೂ ಸಿಗುವುದಿಲ್ಲ ಎನ್ನುತ್ತಾರೆ. ನಿಜ. ಯಸುಜಿರೊ ಓಜು ಅವರ 'ಟೋಕಿಯೊ ಸ್ಟೋರಿ' (1953) ಇದಕ್ಕೆ ಒಳ್ಳೆಯ ಸಾಕ್ಷಿ. ಊರಿಂದ ಬಂದ ಮುದಿ ತಂದೆತಾಯಿ ಹೊರೆಯೆಂದು ಸಿಡಿಮಿಡಿಗೊಳ್ಳುವ ಹಿರಿಮಗಳು ಶಿಗೆ ಪಾತ್ರದಲ್ಲಿ ಹರುಕೊ ಸುಗಿಮುರಾ ಇದ್ದಾರೆ. ಬುಂಗಾಕುಜಾ ನಾಟಕ ತಂಡದ ಆಧಾರಸ್ತಂಭ ಅವರು. ಶಿಗೆಯ ಒಂದೊಂದು ಮಾತಿನ ಹಿಂದೆಯೂ ಲೆಕ್ಕಾಚಾರ ಕೇಳಿಸುತ್ತದೆ. ಅದೇ ಚಿತ್ರದಲ್ಲಿ ವಿಧವೆ ಸೊಸೆ ನೊರಿಕೊ ಆಗಿ ಸೆತ್ಸುಕೊ ಹಾರಾ ಇದ್ದಾರೆ. ಅವರು ಹದಿನೈದರಲ್ಲೇ ಸ್ಟುಡಿಯೊ ಸೇರಿದವರು. ಅವರನ್ನೂ ಮೊದಮೊದಲು ನಟನೆ ಬಾರದ ಚೆಲುವೆ ಎಂದು ಜರೆದದ್ದಿದೆ. ಚಿತ್ರದ ಕೊನೆಯ ಭಾಗದಲ್ಲಿ ನೊರಿಕೊ ನಗುಮುಖದಲ್ಲೇ, ಹೌದು, ಬದುಕು ನಿರಾಸೆಯದೇ ಎಂದು ಒಪ್ಪಿಕೊಳ್ಳುವಾಗ ಆ ನಗು ತಡೆದುಕೊಂಡಿರುವುದೇನು ಎಂದು ಎದೆ ಝಲ್ಲೆನ್ನುತ್ತದೆ. ಸುಗಿಮುರಾ ಅವರ ಮಾತು, ಹಾರಾ ಅವರ ಮುಖ, ಇವೆರಡರಲ್ಲಿ ಒಂದನ್ನು ತೆಗೆದರೂ ಆ ಚಿತ್ರ ಉಳಿಯುವುದಿಲ್ಲ. 'ರಾಶೋಮೊನ್'ನ ಮಚಿಕೊ ಕ್ಯೋ ಒಸಾಕಾದ ನೃತ್ಯ ತಂಡದಿಂದ ಬಂದವರು. ಐದರ ವಯಸ್ಸಿನಿಂದ ಸೆಟ್‌ನಲ್ಲೇ ಬೆಳೆದವರು ಹಿದೆಕೊ ತಕಾಮಿನೆ. ಜಪಾನಿ ಸಿನಿಮಾದ ಹಿರಿಮೆಗೆ ಬಾಗಿಲು ಒಂದೇ ಇರಲಿಲ್ಲ. ರಂಗಭೂಮಿಯ ಬಾಗಿಲಿಂದ ಬಂದವರಿಗೆ ಕೊಡುವ ಮರ್ಯಾದೆಯಲ್ಲಿ ನನ್ನ ತಕರಾರಿಲ್ಲ, ಬೇರೆ ಬಾಗಿಲುಗಳಿಗೆ ಹಿತ್ತಿಲು ಎಂದು ಹೆಸರಿಡುವುದರಲ್ಲಿ ಇದೆ.

ಮಿಯಾಜಾವಾ ಸ್ವತಃ ರಂಗಭೂಮಿಗೆ ಹೋದರು, ಹಿದೆಕಿ ನೊದಾ ಮತ್ತು ಯುಕಿಯೊ ನಿನಗಾವಾ ಅಂಥ ನಿರ್ದೇಶಕರ ಜೊತೆ ದುಡಿದರು. ಹಾಗಿದ್ದರೆ ಅವರನ್ನು ನಟಿ ಮಾಡಿದ್ದು ರಂಗಭೂಮಿಯೇ ಎಂದು ಕೇಳಬಹುದು. ದನಿಯನ್ನು ಅದು ಬೆಳೆಸಿತು, ಅನುಮಾನವಿಲ್ಲ. ಆದರೆ ನಿನಗಾವಾ ಮಿಯಾಜಾವಾ ಅವರಿಂದ ಬಯಸಿದ್ದೇನು ನೋಡಿ. ಮುರಾಕಾಮಿ ಕಾದಂಬರಿ ಆಧರಿಸಿ ನಿನಗಾವಾ ನಿರ್ದೇಶಿಸಿದ ನಾಟಕ 'ಕಾಫ್ಕಾ ಆನ್ ದ ಶೋರ್' 2015ರಲ್ಲಿ ಲಂಡನ್ನಿನ ಬಾರ್ಬಿಕನ್‌ಗೂ ನ್ಯೂಯಾರ್ಕಿನ ಲಿಂಕನ್ ಸೆಂಟರ್‌ಗೂ ಹೋಯಿತು. ರಂಗದ ಮೇಲೆ ದೊಡ್ಡ ದೊಡ್ಡ ಗಾಜಿನ ಪೆಟ್ಟಿಗೆಗಳು ತೇಲಿದಂತೆ ಸರಿಯುತ್ತಿದ್ದವು. ಒಂದು ಚಿಕ್ಕ ಪೆಟ್ಟಿಗೆಯೊಳಗೆ ಮಿಯಾಜಾವಾ ಮುದುಡಿ ಕೂತಿದ್ದರು. ಮಾತಿಲ್ಲ, ಅಲುಗಾಟವಿಲ್ಲ, ನಾಲ್ಕೂ ಕಡೆಯಿಂದ ಕಣ್ಣುಗಳು. ಆ ನಾಟಕದಲ್ಲಿ ಅವರು ನಡುವಯಸ್ಸಿನ ಸಾಯೆಕಿಯೂ ಹೌದು, ಅವಳ ಎಳೆ ವಯಸ್ಸಿನ ಹುಡುಗಿಯೂ ಹೌದು. ರಂಗಭೂಮಿಯ ಒಬ್ಬ ಮಹಾ ನಿರ್ದೇಶಕ ಅವರ ಹಳೆಯ ಕಸುಬನ್ನು ಮರೆಸಲಿಲ್ಲ, ಗಾಜಿನೊಳಗಿಟ್ಟು ಅದನ್ನೇ ತೋರಿಸಿದರು.

ಇನ್ನೊಂದು ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ, ಒಪ್ಪಿಗೆಯಿದೆ. ಹತ್ತಾರು ವರ್ಷ ನಾಟಕ ತಂಡಗಳಲ್ಲಿ ದುಡಿದ ನಟಿ ಕಾಯುತ್ತಿರುವಾಗ ಜಾಹೀರಾತಿನ ಹುಡುಗಿಗೆ ನೇರ ನಾಯಕಿ ಪಾತ್ರ ಸಿಗುವುದು ಅನ್ಯಾಯವೇ. ಮುಖ ಮೊದಲೇ ಜನಕ್ಕೆ ಪರಿಚಿತವಾಗಿದ್ದರೆ ಹಾಕಿದ ಬಂಡವಾಳ ಸಲೀಸಾಗಿ ಮರಳುತ್ತದೆ ಎಂಬ ಲೆಕ್ಕದಲ್ಲಿ ಪಾತ್ರ ಹಂಚಿದರೆ, ಎಷ್ಟೋ ಪ್ರತಿಭೆ ಬೆಳಕಿಗೇ ಬರುವುದಿಲ್ಲ. ಆ ಹುಡುಗಿಯೂ ಈ ಲೆಕ್ಕದಿಂದ ನರಳುತ್ತಾಳೆ. ಚಿಕ್ಕ ಪಾತ್ರಗಳಲ್ಲಿ ತಪ್ಪು ಮಾಡಿ ಕಲಿಯುವ ಅವಕಾಶ ಅವಳಿಗಿಲ್ಲ, ಕಲಿಯುವುದೆಲ್ಲ ಇಡೀ ದೇಶದ ಕಣ್ಣೆದುರಿಗೇ ಆಗಬೇಕು. ಮಿಯಾಜಾವಾ ಅವರಿಗೆ 'ಪೇಲ್ ಮೂನ್' (2014) ಅಂಥ ಪಾತ್ರ ಸಿಗುವಷ್ಟರಲ್ಲಿ ವಯಸ್ಸು ನಲವತ್ತು ದಾಟಿತ್ತು. ಗಿರಾಕಿಗಳ ಹಣ ನುಂಗುತ್ತ ಹೋಗುವ ಬ್ಯಾಂಕ್ ನೌಕರಳ ಆ ಪಾತ್ರದಲ್ಲಿ, ಮುಜುಗರದ ಹೆಣ್ಣು ಹಂತಹಂತವಾಗಿ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆಯುವುದನ್ನು ನೋಡಿ ಟೋಕಿಯೊ ಚಿತ್ರೋತ್ಸವ ಅವರನ್ನು ಶ್ರೇಷ್ಠ ನಟಿ ಎಂದಿತು. ಪಾತ್ರ ಹಂಚಿಕೆಯ ಈ ಅನ್ಯಾಯದ ಬಗ್ಗೆ ಸಿಟ್ಟಿರುವವರು ಅದನ್ನು ನಿರ್ಮಾಪಕರ ಮುಂದೆ, ಪ್ರಾಯೋಜಕರ ಮುಂದೆ, ಏಜೆನ್ಸಿಗಳ ಮುಂದೆ ಇಡಲಿ, ಅವರ ಜೊತೆ ನಾನೂ ನಿಲ್ಲುತ್ತೇನೆ. ಹನ್ನೊಂದನೇ ವಯಸ್ಸಿನಿಂದ ದುಡಿದ ಹೆಣ್ಣಿನ ಮುಂದೆ ಅದನ್ನು ಇಟ್ಟು ವಿಮರ್ಶೆ ಎಂದು ಕರೆಯುವುದು ಬೇಡ.