ಲಿನಕ್ಸ್‌ನಲ್ಲಿ ಮೈಕ್ ಕೆಲಸ ಮಾಡದಿದ್ದರೆ ಮತ್ತೆ ಇನ್‌ಸ್ಟಾಲ್ ಮಾಡಬೇಕೇ?

ಬೇಕಿಲ್ಲ. ವಾಟ್ಸಾಪ್‌ನಲ್ಲಿ ಬಂದ ‘ಸುಡೊ’ ಸಾಲನ್ನು ಅರ್ಥವಾಗದೆ ಟರ್ಮಿನಲ್‌ಗೆ ಅಂಟಿಸುವುದಂತೂ ಬೇಡವೇ ಬೇಡ.

ಮೈಕ್‌ನ ದನಿಯನ್ನು ಮೊದಲು ಪಡೆಯುವುದು ಕರ್ನಲ್‌ನಲ್ಲಿರುವ ಆಲ್ಸಾ. ಅದನ್ನು ಆ್ಯಪ್‌ಗಳಿಗೆ ಹಂಚುವುದು ಸೌಂಡ್ ಸರ್ವರ್: ಹಿಂದೆ ಪಲ್ಸ್‌ಆಡಿಯೊ, ಉಬುಂಟು 22.10ರಿಂದ ಪೈಪ್‌ವೈರ್. ನಾವು ಮೊದಲು ನೋಡಬೇಕಾದದ್ದು ಈ ಹಂಚಿಕೆಯನ್ನೇ. ಸೆಟ್ಟಿಂಗ್ಸ್‌ನಲ್ಲಿ ಮೈಕ್ ಮ್ಯೂಟ್ ಆಗಿದೆಯೇ? ಇನ್‌ಪುಟ್ ಆಗಿ ‘ಮಾನಿಟರ್’ ಆಯ್ಕೆಯಾಗಿದ್ದರೆ ರೆಕಾರ್ಡ್ ಆಗುವುದು ನಿಮ್ಮ ಮಾತಲ್ಲ, ಸ್ಪೀಕರ್‌ಗೆ ಹೋಗುವ ಹಾಡು! ಬ್ಲೂಟೂತ್ ಹೆಡ್‌ಸೆಟ್ ಹಾಡಿಗೆಂದೇ ಇರುವ ಎ2ಡಿಪಿ ಪ್ರೊಫೈಲ್‌ನಲ್ಲಿದ್ದರೆ ಅದರ ಮೈಕ್ ಸಿಗುವುದಿಲ್ಲ. ‘ಹೆಡ್‌ಸೆಟ್’ ಪ್ರೊಫೈಲ್‌ಗೆ ಬದಲಿಸಿದರೆ ಸಿಗುತ್ತದೆ, ಆದರೆ ಹಾಡಿನ ಗುಣಮಟ್ಟ ಇಳಿಯುತ್ತದೆ. ಸರ್ವರ್ ಸಿಕ್ಕಿಹಾಕಿಕೊಂಡಿದ್ದರೆ ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.

ಲ್ಯಾಪ್‌ಟಾಪ್‌ನ ಮೈಕ್ ಇನ್‌ಪುಟ್ ಪಟ್ಟಿಯಲ್ಲೇ ಕಾಣದಿದ್ದರೆ, ಆಗ ಡ್ರೈವರ್ ಕಡೆ ನೋಡಬೇಕಾಗುತ್ತದೆ.