ಮನೆ ಕಟ್ಟಿಕೊಟ್ಟರೆ ಊರು ಕಟ್ಟಿದಂತಾಗದು

ಮಹಾರಾಷ್ಟ್ರದ ಘಟ್ಟ ಪ್ರದೇಶದಲ್ಲಿ ಮಳೆ ಬಲಿತೊಡನೆ ಪ್ರತಿವರ್ಷವೂ ಪತ್ರಿಕೆಗಳಲ್ಲಿ ಅದೇ ಹೆಸರುಗಳು ಕಾಣಿಸಿಕೊಳ್ಳುತ್ತವೆ: ಕಲ್ಲೋಳ–ಯಡೂರ, ಕಾರದಗಾ–ಭೋಜ, ಜತ್ರಾಟ–ಭೀವಶಿ, ಅಕ್ಕೋಳ–ಸಿದ್ನಾಳ ಸೇತುವೆಗಳು ಜಲಾವೃತ. ದೂಧಗಂಗಾ, ವೇದಗಂಗಾ ನದಿಗಳ ನೀರು ಕೃಷ್ಣೆಯನ್ನು ಸೇರಿ ಹೊಳೆ ಇನ್ನಷ್ಟು ಏರಿದರೆ ಇಂಗಳಿ, ಮಾಂಜರಿ, ಜುಗೂಳ, ಮಂಗಾವತಿಯ ಜನ ದನಕರುಗಳನ್ನು ಹೊಡೆದುಕೊಂಡು ಎತ್ತರದ ಜಾಗ ಹುಡುಕಿ ಹೊರಡುತ್ತಾರೆ. ಮೊದಲು ಗಂಜಿ ಕೇಂದ್ರವೆಂದು ಕರೆಯುತ್ತಿದ್ದ ಸರ್ಕಾರಿ ಶಾಲೆಯ ಕೋಣೆಗಳನ್ನು ಈಗ ಕಾಳಜಿ ಕೇಂದ್ರವೆನ್ನುತ್ತಾರೆ. ಹೆಸರು ಸುಧಾರಿಸಿದೆ. ಅಲ್ಲಿಂದ ಮರಳಿ ಹೋಗುವ ಮನೆ ಮಾತ್ರ ಇದ್ದಲ್ಲೇ ಇದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹೊಳೆಸಾಲಿನ ಗ್ರಾಮಗಳು 2005ರಲ್ಲಿ, 2019ರಲ್ಲಿ, ಮತ್ತೆ 2021ರಲ್ಲಿ ಮಹಾಪೂರವನ್ನು ಕಂಡವು. ಪ್ರತಿ ಬಾರಿಯೂ ಶಾಶ್ವತ ಸ್ಥಳಾಂತರದ ಬೇಡಿಕೆ ಎದ್ದಿತು. ನೀರು ಇಳಿದಂತೆ ಬೇಡಿಕೆಯೂ ಇಳಿಯಿತು.

ಇದರ ಹಿಂದೆ ಒಂದು ಶಬ್ದವ್ಯತ್ಯಾಸವಿದೆ. ಯುದ್ಧಕ್ಕೋ ಗಲಭೆಗೋ ಸಿಕ್ಕಿ ಊರು ಬಿಟ್ಟವರನ್ನು ನಾವು ನಿರಾಶ್ರಿತರೆನ್ನುತ್ತೇವೆ. ಹೊಳೆ ಓಡಿಸಿದವರನ್ನು ಸಂತ್ರಸ್ತರೆನ್ನುತ್ತೇವೆ. ನಿರಾಶ್ರಿತನಿಗೆ ಪುನರ್ವಸತಿ ಸಲ್ಲಬೇಕೆಂಬುದು ಎಲ್ಲರಿಗೂ ಒಪ್ಪಿಗೆ. ಸಂತ್ರಸ್ತನಿಗೆ ಪರಿಹಾರ ಸಂದರೆ ಸಾಕೆಂದು ಆಡಳಿತ ಭಾವಿಸಿದೆ.

ಪುನರ್ವಸತಿಯೆಂದರೇನೆಂಬುದು ಈ ರಾಜ್ಯಕ್ಕೆ ತಿಳಿಯದ ವಿಷಯವಲ್ಲ. ಟಿಬೆಟಿನ ಮೇಲಿನ ಚೀನಾದ ದಬ್ಬಾಳಿಕೆಯಿಂದ ಪಾರಾಗಿ ಬಂದವರಿಗೆ 1960ರ ದಶಕದಲ್ಲಿ ಬೈಲಕುಪ್ಪೆಯಲ್ಲಿಯೂ ಮುಂಡಗೋಡದಲ್ಲಿಯೂ ನೆಲೆ ದೊರೆಯಿತು. ಅವರಿಗೆ ದೊರೆತದ್ದು ಬರಿಯ ಸೂರಲ್ಲ. ಉಳುವ ಭೂಮಿ, ಸಹಕಾರ ಸಂಘ, ಶಾಲೆ, ಆಸ್ಪತ್ರೆ, ಮಠ. ಒಬ್ಬೊಬ್ಬರನ್ನು ಬಿಡಿಬಿಡಿಯಾಗಿ ಎಣಿಸದೆ ಸಮುದಾಯವನ್ನೇ ಕೂಡಿಸಿ ನೆಲೆಗೊಳಿಸಲಾಯಿತು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೂ ಸಿಂಧನೂರಿನ ಕ್ಯಾಂಪುಗಳಲ್ಲಿ ಕೃಷಿಭೂಮಿ ಸಿಕ್ಕಿತು. ಅವರಲ್ಲಿ ಹಲವರ ಪೌರತ್ವದ ಪ್ರಶ್ನೆ ದಶಕಗಳ ಕಾಲ ಇತ್ಯರ್ಥವಾಗದೆ ಉಳಿದದ್ದು ನಿಜ. ಆದರೆ ಬೇಸಾಯ ಅವರ ಕೈ ಹಿಡಿಯಿತು.

ಇನ್ನು, ಇದೇ ಕೃಷ್ಣೆಯ ಕೆಳಹರಿವಿಗೆ ಬನ್ನಿ. ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ-ಹೊಲ ಕಳೆದುಕೊಂಡವರ ಪುನರ್ವಸತಿಗಾಗಿಯೇ ಬಾಗಲಕೋಟೆಯಲ್ಲಿ ಆಯುಕ್ತರ ಕಚೇರಿ ಇದೆ, ನವನಗರ ಎದ್ದಿದೆ, 2013ರ ಭೂಸ್ವಾಧೀನ ಕಾಯ್ದೆಯ ರಕ್ಷಣೆ ಇದೆ. ಮೂರನೆಯ ಹಂತದಲ್ಲಿ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ನೀಡಲು ಸಂಪುಟ 2025ರ ಸೆಪ್ಟೆಂಬರಿನಲ್ಲಿ ಒಪ್ಪಿತು. ಅಲ್ಲಿ ಎಲ್ಲವೂ ಸುಸೂತ್ರವಾಗಿ ನಡೆದಿದೆಯೆಂದು ಯಾರೂ ಹೇಳಲಾರರು. ಆದರೂ ಹೋರಾಡಲು ಒಂದು ಕಾನೂನಿದೆ, ಅರ್ಜಿ ಕೊಡಲು ಒಂದು ಬಾಗಿಲಿದೆ. ಮೇಲ್ಹರಿವಿನ ಜುಗೂಳದವನ ಜಮೀನನ್ನು ಯಾರೂ ಸ್ವಾಧೀನಪಡಿಸಿಕೊಂಡಿಲ್ಲ. ಆದ್ದರಿಂದ ಅವನು ಕಾನೂನಿನ ಕಣ್ಣಿಗೆ ಸ್ಥಳಾಂತರಗೊಂಡವನೇ ಅಲ್ಲ.

2019ರಲ್ಲಿ ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಕೊಟ್ಟ ಸರ್ಕಾರದ ಔದಾರ್ಯವನ್ನು ಅಲ್ಲಗಳೆಯಲಾಗದು. ಕೇಂದ್ರದ ಅಂದಿನ ಮಾನದಂಡದಂತೆ ದೊರೆಯಬೇಕಿದ್ದುದು 95,100 ರೂಪಾಯಿ ಮಾತ್ರ. ಆದರೆ ಹಣ ಹೋದದ್ದು ಮನೆಗೆ, ಊರಿಗಲ್ಲ. ನಿವೇಶನ ಸಿಗದವನು ಮನೆ ಬಿದ್ದಲ್ಲೇ ಅಡಿಪಾಯ ತೋಡಬೇಕಾಯಿತು. ಕಂತಿನ ಹಣಕ್ಕಾಗಿ ಅಲ್ಲೇ ಫೋಟೊ ತೆಗೆಸಬೇಕಾಯಿತು. ಸಾರ್ವಜನಿಕರ ಹಣದಿಂದಲೇ ಮುಂದಿನ ಮಹಾಪೂರಕ್ಕೆ ಮನೆಗಳು ಸಿದ್ಧವಾದವು.

ಎ, ಬಿ, ಸಿ ಎಂಬ ವಿಂಗಡಣೆಯೊಳಗೆ ಬಾರದವರ ಪಾಡು ಇನ್ನೂ ಕಷ್ಟದ್ದು. ಪರಿಹಾರ ಉತಾರದ ಹಿಂದೆ ಹೋಗುತ್ತದೆ. ಲಾವಣಿಗೆ ಹೊಲ ಹಿಡಿದವನ ಬೆಳೆ ಕೊಳೆತರೆ ಹಣ ಜಮೀನಿನ ಒಡೆಯನ ಖಾತೆಗೆ ಜಮೆಯಾಗುತ್ತದೆ. ಅಣ್ಣತಮ್ಮಂದಿರು ಬೇರೆಯಾಗಿ ಒಂದೇ ಮನೆಯಲ್ಲಿ ಮೂರು ಒಲೆ ಹೂಡಿದ್ದರೂ ದಾಖಲೆಯಲ್ಲಿ ಮನೆ ಒಂದೇ. ಕಬ್ಬು ಕಡಿಯುವ ಕೂಲಿಯವರಿಗೆ, ನಿಪ್ಪಾಣಿ ಸೀಮೆಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ನೀರು ನಿಂತಷ್ಟು ದಿನ ದುಡಿಮೆಯಿಲ್ಲ. ಆ ದಿನಗಳಿಗೆ ಯಾವ ಪಂಚನಾಮೆಯಲ್ಲೂ ಕಾಲಂ ಇಲ್ಲ.

ಊರು ಬಿಡಲು ಜನರೇ ಒಪ್ಪುವುದಿಲ್ಲವೆಂಬುದು ಅಧಿಕಾರಿಗಳ ಸಿದ್ಧ ಉತ್ತರ. ಅದರಲ್ಲಿ ಸತ್ಯಾಂಶವಿದೆ. ಹೊಳೆದಂಡೆಯ ಕರಿಮಣ್ಣು, ಪಂಪ್‌ಸೆಟ್ಟು, ಕಬ್ಬು, ಎಮ್ಮೆಯ ಹಾಲು ಇವೆಲ್ಲ ಅಲ್ಲಿಯೇ ಇವೆ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಕಟ್ಟಿದ ಎಷ್ಟೋ ಆಸರೆ ಮನೆಗಳು ಪಾಳುಬಿದ್ದದ್ದನ್ನು ಇವರೂ ಬಲ್ಲರು. ಹೊಲದಿಂದ ದೂರ, ದನ ಕಟ್ಟಲು ಜಾಗವಿಲ್ಲ, ಕಾಳು ಒಕ್ಕಲು ಕಣವಿಲ್ಲ: ಅಂಥ ಮನೆಗೆ ರೈತ ಹೋಗದಿದ್ದರೆ ಅದು ಹಟವಲ್ಲ, ಲೆಕ್ಕಾಚಾರ. ಹಾಗಾದರೆ ಕೇಳಬೇಕಾದ ಪ್ರಶ್ನೆ, ಎಂಥ ಊರಿಗೆ ಹೋಗುತ್ತೀರಿ ಎಂಬುದಲ್ಲವೇ?

ಎತ್ತರದ ಜಮೀನು ಸುಲಭವಾಗಿ ದೊರೆಯದು. ಕಬ್ಬಿನ ಸೀಮೆಯಲ್ಲಿ ಭೂಮಿಯ ಬೆಲೆ ಏರಿದೆ. ಅಥಣಿಯ ಪೂರ್ವ ಭಾಗದಲ್ಲಿ ಬರಪೀಡಿತ ಒಣನೆಲ ಉಂಟಾದರೂ ಹೊಳೆಸಾಲಿನವನಿಗೆ ಅದು ಪರದೇಶವೇ ಸರಿ. ಆದ್ದರಿಂದ ಹಳೆಯ ಗಾವಠಾಣಕ್ಕೆ ನಡೆದು ಹೋಗಿ ಬರುವಷ್ಟು ಸಮೀಪದಲ್ಲಿ, ಮಾರುಕಟ್ಟೆ ದರ ಕೊಟ್ಟು ಭೂಮಿ ಕೊಳ್ಳದೆ ಗತ್ಯಂತರವಿಲ್ಲ. ಹೊಳೆದಂಡೆಯ ಹೊಲ ರೈತನಲ್ಲೇ ಉಳಿಯಲಿ. ವಾಸ ಮಾತ್ರ ಮೇಲಕ್ಕೆ ಹೋಗಲಿ. ಶಾಲೆ, ಅಂಗನವಾಡಿ, ಹಾಲಿನ ಡೇರಿ, ಗುಡಿ, ಮಸೀದಿ ಜೊತೆಗೇ ಸಾಗಲಿ. ಕೂಲಿಕಾರರ ಓಣಿಗೆ ನಿವೇಶನವನ್ನು ಕೊನೆಗಲ್ಲ, ಮೊದಲು ಹಂಚಲಿ. ಐದೂ ತಾಲ್ಲೂಕುಗಳಿಗೆ ಏಕಕಾಲಕ್ಕೆ ಯೋಜನೆ ಘೋಷಿಸುವ ಆಡಂಬರ ಬೇಡ. ಗ್ರಾಮಸಭೆ ಒಪ್ಪಿದ ಒಂದು ಊರಿನಿಂದ ಆರಂಭಿಸಬಹುದು.

ಭೂಮಿಯ ಅಳತೆ, ಹಕ್ಕುಪತ್ರಗಳ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು. ಜುಲೈ ಬಂದ ಮೇಲೆ ತಹಶೀಲ್ದಾರರಿಗಾಗಲಿ ತಲಾಟಿಗಾಗಲಿ ದೋಣಿ, ಅಕ್ಕಿ, ಮೇವಿನ ಲೆಕ್ಕ ಬಿಟ್ಟು ಬೇರೆಯದಕ್ಕೆ ಬಿಡುವಿರುವುದಿಲ್ಲ.